ತೋಳಮಾನವನ ಕಾದಂಬರಿ ಬರೆಯುವ ಬಗೆ

ಮನುಷ್ಯ ತೋಳನಾಗಿ ಮಾರ್ಪಡುವ ಕಾದಂಬರಿಗೆ ಮೊದಲು ಬೇಕಾದದ್ದು ರೂಪಾಂತರದ ನಿಯಮ: ಅದು ಶಾಪವೇ, ಕಡಿತದಿಂದ ಅಂಟಿದ್ದೇ, ಪಾತ್ರವೇ ಬಯಸಿ ಪಡೆದದ್ದೇ ಎಂಬುದನ್ನು ಆರಂಭದಲ್ಲೇ ನಿರ್ಧರಿಸಿಕೊಳ್ಳಿ. ಗ್ರೀಕ್ ಪುರಾಣದ ಲೈಕಾನ್ ದೊರೆಯು ಜ್ಯೂಸ್ ದೇವನ ಕೋಪಕ್ಕೆ ಗುರಿಯಾಗಿ ತೋಳನಾದನು. 1589ರಲ್ಲಿ ಜರ್ಮನಿಯ ಬೆಡ್‌ಬುರ್ಗ್‌ನಲ್ಲಿ ಮರಣದಂಡನೆಗೆ ಒಳಗಾದ ಪೀಟರ್ ಸ್ಟುಂಪ್, ಸೈತಾನನು ಕೊಟ್ಟ ನಡುಪಟ್ಟಿಯನ್ನು ಕಟ್ಟಿಕೊಂಡರೆ ತಾನು ತೋಳನಾಗುತ್ತಿದ್ದೆನೆಂದು ಚಿತ್ರಹಿಂಸೆಯ ಭಯದಲ್ಲಿ ಒಪ್ಪಿಕೊಂಡನು. ಪಟ್ಟಿಯನ್ನು ಕಟ್ಟಿಕೊಳ್ಳುವವನಿಗೆ ಆಯ್ಕೆಯಿದೆ, ಶಪಿತನಿಗಿಲ್ಲ; ಕಾದಂಬರಿಯ ನೈತಿಕ ಭಾರವೆಲ್ಲ ಈ ವ್ಯತ್ಯಾಸದ ಮೇಲೆಯೇ ನಿಲ್ಲುತ್ತದೆ. ಹುಣ್ಣಿಮೆಯ ರಾತ್ರಿಯೇ ರೂಪಾಂತರವಾಗಬೇಕೆಂಬುದು ಕಡ್ಡಾಯವಲ್ಲ. ಬಳಸುವುದಾದರೆ ಎರಡು ಹುಣ್ಣಿಮೆಗಳ ನಡುವೆ ಸುಮಾರು 29.5 ದಿನಗಳಿರುವುದನ್ನು ಲೆಕ್ಕದಲ್ಲಿಡಿ.

ರೂಪಾಂತರದ ದೃಶ್ಯವನ್ನು ಮೂಳೆ ಮುರಿಯುವ ಸದ್ದಿನಿಂದ ಆರಂಭಿಸುವುದು ಸವೆದುಹೋದ ದಾರಿ. ಅದರ ಬದಲು ವಾಸನೆಯಿಂದ ಆರಂಭಿಸಿ: ಪಕ್ಕದಲ್ಲಿ ಮಲಗಿದವಳ ಕೂದಲಿನ ಸೋಪಿನ ಘಮದ ಅಡಿಯಲ್ಲಿ ಅವಳ ಬೆವರು, ಬೆವರಿನ ಅಡಿಯಲ್ಲಿ ಅವಳ ಅಂಜಿಕೆ ತೋಳನಾಗುತ್ತಿರುವವನ ಮೂಗಿಗೆ ಬಡಿಯಲಿ. ಬಯಕೆ ಮತ್ತು ಹಸಿವು ಬೇರೆಬೇರೆಯೆಂದು ಅವನಿಗೇ ಖಚಿತವಾಗದ ಆ ಗಳಿಗೆಯನ್ನು ಅವಸರಿಸದೆ ಬರೆಯಿರಿ, ಏಕೆಂದರೆ ಓದುಗರು ಪುಟ ತಿರುವುವುದು ಕೋರೆಹಲ್ಲುಗಳಿಗಾಗಿ ಅಲ್ಲ, ಈ ಗೊಂದಲಕ್ಕಾಗಿ.

ಸ್ವಾತಂತ್ರ್ಯವನ್ನು ಮಾತ್ರ ಪುಕ್ಕಟೆಯಾಗಿ ಕೊಡಬೇಡಿ. ಕಾಡಿನಲ್ಲಿ ಓಡುವ ಸುಖದ ಪ್ರತಿ ಅಧ್ಯಾಯಕ್ಕೂ ಮನೆಯಲ್ಲಿ ಒಂದು ನಷ್ಟವಿರಲಿ: ನೆನಪಾಗದ ರಾತ್ರಿ, ವಿವರಿಸಲಾಗದ ಗಾಯ, ಅವನನ್ನು ಕಂಡು ಹಿಂದೆ ಸರಿಯುವ ಸಾಕುನಾಯಿ. ಕೊನೆಯಲ್ಲಿ ಅವನನ್ನು ಗುಣಪಡಿಸುವ ಮದ್ದನ್ನು ತರುವುದಾದರೆ, ಅದನ್ನು ನಿರಾಕರಿಸುವುದಕ್ಕೂ ಅಷ್ಟೇ ಬಲವಾದ ಕಾರಣವನ್ನು ಮೊದಲೇ ಬಿತ್ತಿಡಿ.