ಬಳ್ಳಾರಿಯ ಬೀದಿಗೆ ಒಂದು ಗೈಡ್ ಡಾಗ್: ನನ್ನ ಅನುಭವ

"ಬಳ್ಳಾರಿಯಲ್ಲಿ ಗೈಡ್ ಡಾಗ್ ಆಗೋ ಮಾತಲ್ಲ" ಅಂತ ನನಗೆ ಹೇಳಿದವರಲ್ಲಿ ಹೆಚ್ಚಿನವರು ನಮ್ಮ ಕಸುಬಿನವರೇ, ನಾಯಿಗಳಿಗೆ ತರಬೇತಿ ಕೊಡುವವರು. ಗೈಡ್ ಡಾಗ್ ಅಂದರೆ ಕಣ್ಣು ಕಾಣದವರಿಗೆ ದಾರಿ ತೋರಿಸುವ ನಾಯಿ. ಫುಟ್‌ಪಾತ್ ಇಲ್ಲ. ಬೀದಿನಾಯಿ ಜಾಸ್ತಿ. ಏಪ್ರಿಲ್ ಬಂದರೆ ಬಿಸಿಲು 40 ದಾಟುತ್ತದೆ. ಸಾಲದ್ದಕ್ಕೆ ಓಣಿ ಓಣಿಗೂ ಹಂದಿ. ಇದರಲ್ಲಿ ಯಾವುದೂ ಸುಳ್ಳಲ್ಲ. ಆದರೆ ನಾನು ತರಬೇತಿ ಕೊಟ್ಟ ನಾಯಿ ಚಿನ್ನಿ ಒಂದು ವರ್ಷದ ಮೇಲಾಯಿತು, ಕಣ್ಣು ಕಾಣದ ನಮ್ಮ ಮೇಷ್ಟ್ರನ್ನು ಗಾಂಧಿನಗರದ ಮನೆಯಿಂದ ಶಾಲೆಗೆ ದಿನಾ ಕರೆದುಕೊಂಡು ಹೋಗಿ ಬರುತ್ತಿದ್ದಾಳೆ. ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ. ಕೂರಿಸೋದು, ಕರೆದರೆ ಬರೋದು, ಲೀಶ್ ಹಿಡಿಯೋದು ನಿಮಗೆ ನಾನು ಹೇಳಬೇಕಾಗಿಲ್ಲ.

ಮೊದಲು ನಾಯಿ ವಿಷಯ. ಶುರು ಮಾಡಿದ್ದು ಜರ್ಮನ್ ಶೆಫರ್ಡ್‌ನಿಂದ. ಬುದ್ಧಿಗೆ ಎರಡು ಮಾತಿಲ್ಲ, ಹೇಳಿದ್ದನ್ನೆಲ್ಲ ನಾಲ್ಕೈದು ತಿಂಗಳಲ್ಲಿ ಕಲಿತ. 1928ರಲ್ಲಿ ಕಣ್ಣು ಕಾಣದ ಅಮೆರಿಕದ ಮಾರಿಸ್ ಫ್ರಾಂಕ್ ಸ್ವಿಟ್ಜರ್ಲೆಂಡಿನಿಂದ ತನ್ನ ದೇಶಕ್ಕೆ ಕರೆದುಕೊಂಡು ಹೋದ 'ಬಡ್ಡಿ' ಅನ್ನೋ ಗೈಡ್ ನಾಯಿಯೂ ಇದೇ ಜಾತಿ. ಆದರೆ ನಮ್ಮ ಊರಲ್ಲಿ ಕಣ್ಣು ಕಾಣದವರು ರಸ್ತೆಗಿಳಿದರೆ ಹತ್ತು ಜನ ಬಂದು ಕೈ ಹಿಡಿಯುತ್ತಾರೆ. "ಸರ್, ಬರ್ರಿ, ನಾನು ದಾಟಿಸ್ತೀನಿ" ಅಂತ ಯಾರೋ ತೋಳು ಹಿಡಿದರೆ ಸಾಕು, ಇವನ ಬೆನ್ನ ಮೇಲಿನ ಕೂದಲು ಎದ್ದು ನಿಲ್ಲುತ್ತಿತ್ತು. ಎಷ್ಟು ತಿದ್ದಿದರೂ ಅದು ಹೋಗಲಿಲ್ಲ. ಕೊನೆಗೆ ತೋಟದ ಮನೆಯವರೊಬ್ಬರಿಗೆ ಕೊಟ್ಟೆ. ಅಷ್ಟರಲ್ಲಿ ಇಪ್ಪತ್ತೈದು ಸಾವಿರ ಕೈಬಿಟ್ಟಿತ್ತು.

ಆಮೇಲೆ ಒಂದು ಮುಧೋಳ. ಈ ಬಿಸಿಲನ್ನು ಅದರಷ್ಟು ಚೆನ್ನಾಗಿ ತಡೆಯುವ ನಾಯಿ ಇನ್ನೊಂದಿಲ್ಲ ಅನ್ನೋದು ನನ್ನ ಲೆಕ್ಕ. ಸೇನೆಯವರೂ 2016ರಲ್ಲಿ ಮುಧೋಳ ಮರಿಗಳನ್ನು ಮೀರತ್‌ಗೆ ಒಯ್ದು ತರಬೇತಿ ಕೊಟ್ಟಿದ್ದಾರೆ. ಆದರೆ ಅದು ಕಣ್ಣಿಂದ ಬೇಟೆಯಾಡುವ ಜಾತಿ. ಎದುರಿಗೆ ಹಂದಿಮರಿ ಓಡಿದರೆ ಮುಗಿಯಿತು, ಹಿಡಿದವನ ತೋಳು ಕಿತ್ತು ಬರುವ ಹಾಗೆ ಜಿಗಿಯುತ್ತಿತ್ತು. ನಾನಾದರೆ ತಡೆದುಕೊಂಡೇನು. ಮೇಷ್ಟ್ರು ಬೀಳುತ್ತಾರೆ. ಜಾತಿ ಒಳ್ಳೆಯದೇ, ಅದರ ಕೆಲಸ ಬೇರೆ ಅಷ್ಟೇ. ವಿದೇಶದ ದೊಡ್ಡ ಶಾಲೆಗಳಲ್ಲೂ ಹತ್ತಿರ ಹತ್ತಿರ ಅರ್ಧ ನಾಯಿಗಳು ಕೊನೆವರೆಗೂ ಬರುವುದಿಲ್ಲ. ಹಾಗಾಗಿ ಎರಡು ನಾಯಿ ಹೋದವು ಅಂತ ನಾನು ಕೈ ಚೆಲ್ಲಿ ಕೂರಲಿಲ್ಲ.

ಮೂರನೆಯದು ಹೊಸಪೇಟೆಯಿಂದ ತಂದ ಲ್ಯಾಬ್ರಡಾರ್ ಹೆಣ್ಣುಮರಿ, ಇವಳೇ ಚಿನ್ನಿ. ವಂಶದ ಪೇಪರ್ ಇಲ್ಲದ್ದು, ಒಂಬತ್ತು ಸಾವಿರ. ಏಳು ವಾರದ ಮರಿಗಳ ನಡುವೆ ಸ್ಟೀಲ್ ತಟ್ಟೆಯೊಂದನ್ನು ಎತ್ತರದಿಂದ ಬೀಳಿಸಿದೆ. ಬೆಚ್ಚೋದು ತಪ್ಪಲ್ಲ, ಬೆಚ್ಚಿದ ಮೇಲೆ ಏನು ಮಾಡುತ್ತದೆ ಅನ್ನೋದನ್ನು ನೋಡಬೇಕು. ಒಂದು ಮರಿ ಓಡಿಹೋಗಿ ಬರಲೇ ಇಲ್ಲ. ಒಂದು ತಟ್ಟೆಗೇ ಬೊಗಳಿತು. ಚಿನ್ನಿ ಎರಡು ಹೆಜ್ಜೆ ಹಿಂದೆ ಸರಿದು, ತಿರುಗಿ ಬಂದು ತಟ್ಟೆಯ ಅಂಚು ಮೂಸಿ ಅದರ ಮೇಲೇ ಕಾಲಿಟ್ಟಳು. ಇನ್ನೂ ಎರಡು ಪರೀಕ್ಷೆ ಮಾಡಿದೆ. ಅವು ನನ್ನ ಹತ್ತಿರವೇ ಇರಲಿ.

ಲಸಿಕೆ ಮುಗಿಯೋ ತನಕ ಮರಿಯನ್ನು ಬೀದಿಗೆ ಇಳಿಸುವ ಹಾಗಿಲ್ಲ, ನಮ್ಮಲ್ಲಿ ಪಾರ್ವೊ ಅನ್ನೋ ವೈರಸ್ ರೋಗ ಎಷ್ಟು ಮರಿ ತಿಂದಿದೆ ಅಂತ ನಿಮಗೇ ಗೊತ್ತು. ಆದರೆ ಸದ್ದು, ಜನ, ವಾಸನೆ ರೂಢಿಯಾಗುವ ವಯಸ್ಸೂ ಅದೇ ಅಲ್ವಾ. ನೆಲಕ್ಕೆ ಬಿಡದೆ ಮಾವಿನಹಣ್ಣಿನ ಬುಟ್ಟಿಯಲ್ಲಿ ಕೂರಿಸಿಕೊಂಡು ಊರೆಲ್ಲ ತಿರುಗಿಸಿದೆ. ರೈಲ್ವೆ ಸ್ಟೇಷನ್ ಹತ್ತಿರ ಅದಿರಿನ ಗೂಡ್ಸ್ ಹೋಗುವ ತನಕ ಕೂತೆವು. ರಾಯಲ್ ಸರ್ಕಲ್‌ನಲ್ಲಿ ಹಾರ್ನ್, ಕೌಲ್ ಬಜಾರ್‌ನಲ್ಲಿ ಮಟನ್ ಅಂಗಡಿ, ಸಂಜೆ ಮಿರ್ಚಿ ಬಂಡಿ. ನಾಲ್ಕು ತಿಂಗಳು ತುಂಬುವ ಹೊತ್ತಿಗೆ ಅವಳಿಗೆ ಇದೆಲ್ಲ ಮಾಮೂಲಿಯಾಗಿತ್ತು.

ಈಗ ಅಸಲು ಕೆಲಸ. ಹೊರದೇಶದ ಪದ್ಧತಿಯಲ್ಲಿ ಗೈಡ್ ನಾಯಿ ಫುಟ್‌ಪಾತ್ ಮುಗಿಯುವ ಅಂಚಿಗೆ ಬಂದು ನಿಲ್ಲಬೇಕು. ಅಂಚು ಅಂದರೆ ಅಲ್ಲಿ ಒಂದು ಮೆಟ್ಟಿಲಷ್ಟು ತಗ್ಗು ಇರುತ್ತದೆ, ನಾಯಿಗೆ ಅದು ಗುರುತು. ನಮ್ಮ ಓಣಿಗಳಲ್ಲಿ ಅಂಚೇ ಇಲ್ಲ. ಒಂದು ರಸ್ತೆ ಇನ್ನೊಂದಕ್ಕೆ ಸುಮ್ನೆ ಸೇರಿಕೊಳ್ಳುತ್ತದೆ. ತಿಂಗಳುಗಟ್ಟಲೆ ಇಲ್ಲೇ ಸಿಕ್ಕಿಹಾಕಿಕೊಂಡಿದ್ದೆ. ಗೆಳೆಯರು "ಹೇಳಿದ್ವಲ್ಲಪ್ಪಾ" ಅಂದಿದ್ದೂ ಆಗಲೇ. ಸುಣ್ಣದ ಗೆರೆ ಹಾಕಿ ನೋಡಿದೆ, ಮಧ್ಯಾಹ್ನದೊಳಗೆ ಟೈರಿಗೆ ಅಳಿಸಿಹೋಗುತ್ತಿತ್ತು. ಇಟ್ಟಿಗೆ ಇಟ್ಟೆ, ಬೈಕಿನವರು ಬೈದರು.

ಕೊನೆಗೆ ಕೈಹಿಡಿದದ್ದು ಗೋಣಿಚೀಲ. ಖಾಲಿ ಚೀಲವನ್ನು ಮಡಿಸಿ ಮೂಲೆಯ ತಿರುವಿನಲ್ಲಿ ಹಾಸಿದೆ. ಮುಂಗಾಲು ಚೀಲದ ಮೇಲೆ ಬಿದ್ದ ತಕ್ಷಣ ನಿಲ್ಲಬೇಕು, ನಿಂತರೆ ಬೇಯಿಸಿದ ಚಿಕನ್ ಚೂರು. ಇದನ್ನು ಯಾವ ನಾಯಿಯಾದರೂ ಮೂರು ದಿನದಲ್ಲಿ ಕಲಿಯುತ್ತದೆ. ಆಮೇಲೆ ಚೀಲವನ್ನು ಅರ್ಧ ಕತ್ತರಿಸಿದೆ. ಮತ್ತೆ ಅರ್ಧ. ಕೊನೆಗೆ ಅಂಗೈ ಅಗಲದ ಪಟ್ಟಿ, ಆಮೇಲೆ ಏನೂ ಇಲ್ಲ. ಆ ಮೂಲೆಯಲ್ಲಿ ಮಾತ್ರ ನಿಲ್ಲುತ್ತಾಳೆ, ಬೇರೆಡೆ ಇಲ್ಲ ಅನ್ನೋದು ಮುಂದಿನ ತೊಂದರೆ. ಅದಕ್ಕೆ ಬೇರೆ ಬೇರೆ ಬಡಾವಣೆಯ ಮೂಲೆಗಳಲ್ಲಿ ಇದನ್ನೇ ಮೊದಲಿಂದ ಮಾಡಿದೆ. ಹನ್ನೆರಡು ಹದಿನೈದು ಮೂಲೆ ಆಗುವ ಹೊತ್ತಿಗೆ, ಎಂದೂ ನೋಡದ ತಿರುವಿನಲ್ಲೂ ಚಿನ್ನಿ ತಾನಾಗಿ ನಿಂತಳು. ಎರಡು ಬದಿಯ ಗೋಡೆ ಮುಗಿದು ಪಕ್ಕದಿಂದ ರಸ್ತೆ ತೆರೆದುಕೊಂಡರೆ ನಿಲ್ಲಬೇಕು ಅನ್ನೋದು ಅವಳ ತಲೆಗೆ ಹೋಗಿತ್ತು. ಎಲ್ಲೂ ಓದಿ ಮಾಡಿದ್ದಲ್ಲ ಇದು, ನಾನೇ ಕಂಡುಕೊಂಡದ್ದು.

ಪೆಟ್ ನಾಯಿಗೆ ಎಳೆಯಬೇಡ ಅಂತ ನಾವೆಲ್ಲ ಕಲಿಸುತ್ತೇವೆ. ಇಲ್ಲಿ ಉಲ್ಟಾ. ನಾಯಿಯ ಮೈಗೆ ಕಟ್ಟುವ ಹಾರ್ನೆಸ್‌ನ ಹಿಡಿಕೆಯಲ್ಲಿ ಸಣ್ಣದೊಂದು ಎಳೆತ ಸದಾ ಇರಬೇಕು, ಅದರಿಂದಲೇ ಹಿಡಿದವರಿಗೆ ನಾಯಿ ಎತ್ತ ತಿರುಗಿತು, ಎಲ್ಲಿ ನಿಧಾನವಾಯಿತು ಅನ್ನೋದು ತಿಳಿಯುವುದು. ಹಾರ್ನೆಸ್ ಮಾಡಿಸಿದ್ದು ಚಪ್ಪಲಿ ಹೊಲಿಯುವವರ ಹತ್ತಿರ, ಚರ್ಮ ಸೇರಿ ಎರಡು ಸಾವಿರದೊಳಗೆ. ಹಿಡಿಕೆಗೆ ಮೊದಲು ಕಬ್ಬಿಣದ ಸರಳು ಬಗ್ಗಿಸಿದ್ದೆವು, ಭಾರಕ್ಕೆ ಅವಳ ಭುಜ ಕೆಂಪಾಯಿತು. ಅಲ್ಯೂಮಿನಿಯಂ ಕಿಟಕಿ ಮಾಡುವ ಅಂಗಡಿಯಲ್ಲಿ ಪೈಪು ಬಗ್ಗಿಸಿ ಕೊಟ್ಟರು, ಮುನ್ನೂರು ರೂಪಾಯಿ. ಅದೇ ಈಗಲೂ ನಡೆಯುತ್ತಿದೆ.

ತಲೆಗೆ ತಾಗುವ ಅಡ್ಡಿ ಕಲಿಸೋದು ಕಷ್ಟ. ಅಂಗಡಿ ಮುಂದಿನ ತಗಡು, ತಾಡಪಾಲಿನ ಹಗ್ಗ, ಇವು ನಾಯಿಗೆ ಅಡ್ಡಿಯೇ ಅಲ್ಲ, ಅದರ ಕೆಳಗೆ ಆರಾಮಾಗಿ ದಾಟುತ್ತದೆ. ಪೆಟ್ಟು ಬೀಳುವುದು ಮೇಷ್ಟ್ರ ಹಣೆಗೆ. ನಾನು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಹಿಡಿಕೆ ಹಿಡಿದು ಹೋಗುತ್ತಿದ್ದೆ, ನನ್ನ ತಮ್ಮ ಹಿಂದಿನಿಂದ ಲೀಶ್ ಹಿಡಿದು ಬರುತ್ತಿದ್ದ. ತಗಡು ತಾಗಿದ ಕೂಡಲೇ ನಿಂತು ಅದನ್ನು ಕೈಯಿಂದ ಡಬಡಬ ಬಡಿದು ತೋರಿಸಬೇಕು. ಹತ್ತು ಹೆಜ್ಜೆ ಹಿಂದೆ ಹೋಗಿ ಮತ್ತೆ ಬರಬೇಕು. ಬೈಯುವ ಹಾಗಿಲ್ಲ. ಸುತ್ತಿಕೊಂಡು ಹೋದರೆ ಹೊಗಳಿಕೆ. ಎರಡು ತಿಂಗಳು ಹಿಡಿಯಿತು. ನನ್ನ ಹಣೆಯ ಮೇಲೆ ಗುರುತು ಇನ್ನೂ ಇದೆ.

ಬೀದಿನಾಯಿಗಳ ವಿಷಯ ಎಲ್ಲರೂ ಕೇಳುತ್ತಾರೆ. ಚಿನ್ನಿಗೆ ಬೇಗನೇ ಸಂತಾನಹರಣ ಮಾಡಿಸಿದ್ದು ಅರ್ಧ ಕೆಲಸ ಮಾಡಿತು, ಗಂಡುನಾಯಿಗಳು ಹಿಂದೆ ಬೀಳುವುದು ತಪ್ಪಿತು. ಮರಿಯಿದ್ದಾಗಿನಿಂದ ಅದೇ ದಾರಿಯಲ್ಲಿ ಓಡಾಡಿಸಿದ್ದರಿಂದ ಓಣಿಯ ನಾಯಿಗಳಿಗೆ ಅವಳು ಹೊಸಬಳಲ್ಲ. ಇಷ್ಟರ ಮೇಲೆ ಒಂದು ಉಪಾಯ ಇದೆ. ಅದನ್ನು ಬರೆದು ತಿಳಿಸುವಂಥದ್ದಲ್ಲ, ಬೇಕಾದವರು ಬಂದು ನೋಡಿ.

ಮಧ್ಯೆ ಒಂದು ಪ್ರಯೋಗ. ನಮ್ಮದು ಜೀನ್ಸ್ ಊರು, ಬಟ್ಟೆ ತುಂಡು ಬೇಕಾದಷ್ಟು ಸಿಗುತ್ತದೆ. ಡಾಂಬರು ಸುಡುತ್ತದೆ ಅಂತ ಜೀನ್ಸ್ ಬಟ್ಟೆಗೆ ಸೈಕಲ್ ಟ್ಯೂಬಿನ ಅಟ್ಟೆ ಹಾಕಿ ನಾಲ್ಕು ಬೂಟು ಹೊಲಿಸಿದೆ. ನೋಡೋದಕ್ಕೆ ಬಲು ಚೆಂದ. ಕಾಲೂ ಸುಡಲಿಲ್ಲ. ಆದರೆ ಅವಳ ನಡಿಗೆಯೇ ಬದಲಾಯಿತು, ಕಾಲೆತ್ತಿ ಎತ್ತಿ ಇಡುತ್ತಿದ್ದಳು. ಹಿಡಿಕೆಯ ಎಳೆತ ಮೇಷ್ಟ್ರಿಗೆ ಅರ್ಥವೇ ಆಗದ ಹಾಗಾಯಿತು. ಬೂಟು ಪಕ್ಕಕ್ಕಿಟ್ಟು ಹೊತ್ತು ಬದಲಿಸಿದೆವು. ಬೇಸಿಗೆಯಲ್ಲಿ ಬೆಳಿಗ್ಗೆ ಎಂಟರೊಳಗೆ, ಸಂಜೆ ಆರೂವರೆ ಮೇಲೆ. ಕೈಯ ಹಿಂಬದಿಯನ್ನು ರಸ್ತೆಗಿಟ್ಟು ಏಳೆಣಿಸುವ ತನಕ ತಡೆಯಲಾಗದಿದ್ದರೆ ನಾಯಿ ಮನೆಯಲ್ಲೇ ಇರಬೇಕು. ಆ ಹೊತ್ತಿನಲ್ಲಿ ಮೇಷ್ಟ್ರು ಬಿಳಿ ಕೋಲು ಹಿಡಿದು ಆಟೋ ಹತ್ತುತ್ತಾರೆ.

ಎಲ್ಲಕ್ಕಿಂತ ಹೆಚ್ಚು ಹೆದರಿಸಿದ್ದು ಉಣ್ಣಿ ಹುಳು ಕಚ್ಚಿ ಬರುವ ಜ್ವರ. ಹತ್ತು ತಿಂಗಳಿದ್ದಾಗ ಊಟ ಬಿಟ್ಟಳು, ಒಸಡು ಬೆಳ್ಳಗಾಯಿತು, ಪ್ಲೇಟ್‌ಲೆಟ್ ಪಾತಾಳಕ್ಕೆ. ಡಾಕ್ಸಿಸೈಕ್ಲಿನ್, ಡ್ರಿಪ್, ರಕ್ತಪರೀಕ್ಷೆ ಎಲ್ಲ ಸೇರಿ ಎಂಟೊಂಬತ್ತು ಸಾವಿರ. ತರಬೇತಿ ಒಂದೂವರೆ ತಿಂಗಳು ನಿಂತಿತು. ಈಗ ಉಣ್ಣಿಯ ಮಾತ್ರೆ ಯಾವ ತಿಂಗಳೂ ತಪ್ಪಿಸುವುದಿಲ್ಲ.

ದುಡ್ಡಿನ ಮಾತು. ಅನ್ನ, ಚಿಕನ್, ಮೊಟ್ಟೆ ತಿಂಗಳಿಗೆ ಮೂರು ಸಾವಿರದ ಆಸುಪಾಸು. ಲಸಿಕೆ, ಆಪರೇಷನ್, ಜ್ವರ, ಪೆಟ್ರೋಲು ಎಲ್ಲ ಕೂಡಿ ಎರಡು ವರ್ಷಕ್ಕೆ ಒಂದೂವರೆ ಲಕ್ಷದ ಹತ್ತಿರ ಹೋಗಿದೆ, ನನ್ನ ದುಡಿಮೆ ಬಿಟ್ಟು. ಅಮೆರಿಕದ ಶಾಲೆಗಳಲ್ಲಿ ಒಂದು ನಾಯಿಗೆ ಹತ್ತಾರು ಸಾವಿರ ಡಾಲರ್ ಹಿಡಿಯುತ್ತದೆ. ಅದಕ್ಕೆ ಹೋಲಿಸಿದರೆ ನಮ್ಮದು ಏನೂ ಅಲ್ಲ. ಅರ್ಧ ಮೇಷ್ಟ್ರು ಕೊಟ್ಟರು. ಉಳಿದದ್ದು ಮನೆನಾಯಿಗಳ ತರಬೇತಿಯಿಂದ ಬಂದ ಸಂಪಾದನೆ.

ಮೇಷ್ಟ್ರ ತರಬೇತಿ ನಾಯಿಯದ್ದಕ್ಕಿಂತ ಮುಖ್ಯ. ನಾಯಿಗೆ ಶಾಲೆ ಎಲ್ಲಿದೆ ಅಂತ ಗೊತ್ತಿರುವುದಿಲ್ಲ, ಸಿಗ್ನಲ್ ದೀಪ ನೋಡಿ ದಾಟಿಸುವುದೂ ಇಲ್ಲ. ದಾರಿ ತಲೆಯಲ್ಲಿ ಇರಬೇಕಾದ್ದು ಮನುಷ್ಯನಿಗೆ. ಗಾಡಿ ಸದ್ದು ಕೇಳಿ "ಹೋಗೋಣ" ಅನ್ನಬೇಕಾದ್ದೂ ಅವನೇ. ಅಪಾಯ ಇದ್ದರೆ ಆ ಮಾತನ್ನು ಕೇಳದೆ ಇರೋದು ನಾಯಿಯ ಕೆಲಸ. ಇದಕ್ಕಾಗಿ ಗೆಳೆಯನ ಆಟೋವನ್ನು ನಿಧಾನಕ್ಕೆ ಅಡ್ಡ ಬರಿಸಿ ಬರಿಸಿ ಕಲಿಸಿದೆ. ಸದ್ದಿಲ್ಲದ ಕರೆಂಟ್ ಆಟೋ ಬಂದ ಮೇಲೆ ಮೇಷ್ಟ್ರ ಕಿವಿಗಿಂತ ಚಿನ್ನಿಯ ಕಣ್ಣೇ ಹೆಚ್ಚು ಕೆಲಸಕ್ಕೆ ಬರುತ್ತಿದೆ.

ಒಂದು ಸಂಜೆ ಜೋರು ಮಳೆ ಬಂದು ನಿಂತಿತ್ತು. ನಾನು ಇಪ್ಪತ್ತು ಹೆಜ್ಜೆ ಹಿಂದೆ ಬರುತ್ತಿದ್ದೆ. ಚಿನ್ನಿ ನಡುದಾರಿಯಲ್ಲಿ ಗಕ್ಕನೆ ನಿಂತಳು. ಮೇಷ್ಟ್ರು "ಹೋಗೋಣ" ಅಂದರು, ಕದಲಲಿಲ್ಲ. ಇನ್ನೊಮ್ಮೆ ಗಟ್ಟಿಯಾಗಿ ಅಂದರು. ಅವಳು ತಿರುಗಿ ಅವರ ಮೊಣಕಾಲಿಗೆ ಅಡ್ಡಲಾಗಿ ನಿಂತುಬಿಟ್ಟಳು. ಮೇಷ್ಟ್ರು ಕಾಲು ಮುಂದೆ ಚಾಚಿ ತಡಕಿದರು. ಗಟಾರದ ಚಪ್ಪಡಿ ಕಲ್ಲು ಸರಿದುಹೋಗಿ ಬಾಯಿ ತೆರೆದಿತ್ತು, ಮೇಲೆ ನೀರು ಸಮವಾಗಿ ನಿಂತಿತ್ತು. ನನ್ನ ಕಣ್ಣಿಗೂ ಅದು ಬರೀ ರಸ್ತೆಯೇ. "ನೋಡಪ್ಪಾ, ಇವಳು ನನ್ನ ಮಾತು ಕೇಳಲಿಲ್ಲ, ನಾನು ಉಳಿದೆ" ಅಂದರು ಮೇಷ್ಟ್ರು. ಅವತ್ತಿನಿಂದ ಗೆಳೆಯರ ಬಾಯಲ್ಲಿ ಆ ಹಳೇ ಮಾತು ಬಂದಿಲ್ಲ.

ಪೇಚಾಟ ಇಲ್ಲವೆಂದಲ್ಲ. ಒಂದು ಹೋಟೆಲಿನಲ್ಲಿ ನಾಯಿಯನ್ನು ಒಳಗೆ ಬಿಡಲಿಲ್ಲ. ಒಬ್ಬ ಕಂಡಕ್ಟರ್ ಇಬ್ಬರನ್ನೂ ಬಸ್ಸಿನಿಂದ ಇಳಿಸಿದರು. ಹಾರ್ನೆಸ್ ಹಾಕಿದ ನಾಯಿಯನ್ನು ಮುಟ್ಟಬೇಡಿ, ಬಿಸ್ಕತ್ ಕೊಡಬೇಡಿ ಅಂತ ಶಾಲೆ ಮಕ್ಕಳಿಗೆ ಹೇಳಿದ್ದೇ ಹೇಳಿದ್ದು. ಮಕ್ಕಳು ಬೇಗ ಕಲಿತರು, ದೊಡ್ಡವರು ಇನ್ನೂ ಬಿಸ್ಕತ್ ತರುತ್ತಾರೆ.

ಈಗ ಕೊಪ್ಪಳದಿಂದ ಒಬ್ಬ ತಾಯಿ ಕಾಲೇಜು ಓದುವ ಮಗಳಿಗಾಗಿ ಕೇಳಿದ್ದಾರೆ. ಮರಿ ಬಂದು ಮೂರು ತಿಂಗಳಾಯಿತು, ಬುಟ್ಟಿಯ ತಿರುಗಾಟ ನಡೆದಿದೆ. ಮೂಲೆಗಳನ್ನು ಈ ಸಲ ಕೊಪ್ಪಳದಲ್ಲೇ ಮಾಡಬೇಕು, ಆ ಹುಡುಗಿ ಓಡಾಡುವ ದಾರಿಗಳಲ್ಲೇ. ಅಲ್ಲಿ ವಾರಕ್ಕೆ ಎರಡು ಬೆಳಿಗ್ಗೆ ಹಿಂದೆ ಲೀಶ್ ಹಿಡಿದು ಬರುವ ಒಬ್ಬರು ಬೇಕಾಗಿದ್ದಾರೆ. ಪೆಟ್ರೋಲ್ ಖರ್ಚು ನನ್ನದು. ಗೋಣಿಚೀಲವೂ ನಾನೇ ತರುತ್ತೇನೆ.