ಹಾಂಗ್‌ಕಾಂಗ್ ಕಚೇರಿಯಲ್ಲಿ ಯಾರನ್ನು ಏನೆಂದು ಕರೆಯಬೇಕು?

ಹಾಂಗ್‌ಕಾಂಗ್‌ಗೆ ಕೆಲಸಕ್ಕೆ ಹೋಗಿ ಅಲ್ಲಿನ ಚೀನೀ ಮಾತಾದ ಕ್ಯಾಂಟನೀಸ್ ಕಲಿಯಲು ಹೊರಟ ನಮ್ಮವರು ಎಡವುವುದನ್ನು ನಾನು ಮತ್ತೆ ಮತ್ತೆ ಕಂಡಿರುವುದು ಒಂದೇ ಪದದಲ್ಲಿ: ಅಧೀನ ಸಿಬ್ಬಂದಿ ಎಂಬರ್ಥದ ‘ಹಾ ಸುಕ್’. ಉಚ್ಚಾರ ಕೆಡುತ್ತದೆ, ಅದು ಸರಿಯಾದರೆ ಹೇಳುವ ಜಾಗ ತಪ್ಪುತ್ತದೆ.

ಮೊದಲು ಮೇಲಿನವರು. ಮೇಲಧಿಕಾರಿ ‘ಸೋಂಗ್ ಸೀ’, ವ್ಯವಸ್ಥಾಪಕ ‘ಕಿಂಗ್ ಲೇ’, ಪ್ರಧಾನ ವ್ಯವಸ್ಥಾಪಕ ‘ಚುಂಗ್ ಕಿಂಗ್ ಲೇ’. ‘ಲೋ ಸೈ’ ಎಂದರೂ ಯಜಮಾನರೇ, ಆದರೆ ಅದು ಮಾತಿಗೆ ಮಾತ್ರ, ಪತ್ರದಲ್ಲಿ ಬರೆಯಬೇಡಿ.

ಎರಡನೆಯದು, ಸಂಬೋಧನೆ. ಮಾತಿನಲ್ಲಿ ನೀನು–ನೀವು ಭೇದವಿಲ್ಲ, ಎಲ್ಲರಿಗೂ ‘ನೇ’. ಗೌರವ ಇರುವುದು ಹುದ್ದೆಯಲ್ಲಿ. ಮನೆತನದ ಹೆಸರು ಮೊದಲು, ಹುದ್ದೆ ನಂತರ: ‘ಛಾನ್ ಕಿಂಗ್ ಲೇ’.

ಈಗ ಕಷ್ಟದ ಹಂತ. ಕ್ಯಾಂಟನೀಸನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಲು 1993ರಲ್ಲಿ ರೂಪುಗೊಂಡ ಜ್ಯುತ್‌ಪಿಂಗ್ ಲಿಪ್ಯಂತರದಲ್ಲಿ ಪ್ರತಿ ಅಕ್ಷರದ ಪಕ್ಕ ಸ್ವರದ, ಅಂದರೆ ದನಿಯ ಏರಿಳಿತದ, ಅಂಕಿ ಇರುತ್ತದೆ: 1 ಎತ್ತರದ ಸಮಸ್ವರ, 6 ತಗ್ಗಿನ ಸಮಸ್ವರ. ‘ಹಾ’, ‘ಸುಕ್’ ಎರಡೂ 6. ಎರಡನ್ನೂ ಎತ್ತರಕ್ಕೆ ಏರಿಸಿದರೆ ‘ಹಾ’ ಸಿಗಡಿಯಾಗುತ್ತದೆ, ‘ಸುಕ್’ ಚಿಕ್ಕಪ್ಪನಾಗುತ್ತದೆ. ಅಂಕಿಗಳಿಲ್ಲದ ಪದಪಟ್ಟಿಗೆ ಹಣ ಕೊಡಬೇಡಿ. ‘ಚೈನೀಸ್’ ಎಂದಷ್ಟೇ ಹೇಳುವ ಮೊಬೈಲ್ ಆ್ಯಪ್‌ಗಳು ಸಾಮಾನ್ಯವಾಗಿ ಕಲಿಸುವುದು ಮ್ಯಾಂಡರಿನ್, ಅದು ಬೇರೆಯೇ ಮಾತು, ಅವೂ ಬೇಡ.

ಕೊನೆಯ ‘ಕ್’ ಇನ್ನೂ ಸೂಕ್ಷ್ಮ. ‘ಬಸ್’ ಅನ್ನು ‘ಬಸ್ಸು’ ಮಾಡುವ ನಮ್ಮ ನಾಲಿಗೆ ಇಲ್ಲಿಯೂ ‘ಸುಕ್ಕು’ ಎಂದುಬಿಡುತ್ತದೆ. ನಾಲಿಗೆಯ ಹಿಂಭಾಗ ಅಂಗುಳಿಗೆ ತಾಗಿ ಅಲ್ಲಿಯೇ ನಿಲ್ಲಬೇಕು. ಬಾಯಿಯ ಮುಂದೆ ಅಂಗೈ ಹಿಡಿಯಿರಿ. ಪದದ ಕೊನೆಗೆ ಉಸಿರು ತಾಗಿದರೆ ಮತ್ತೊಮ್ಮೆ ಹೇಳಿ. ಅಲ್ಪಪ್ರಾಣ–ಮಹಾಪ್ರಾಣದ ಭೇದ ಬಲ್ಲವರಿಗೆ ಒಂದು ಅನುಕೂಲವೂ ಇದೆ: ‘ಕಿಂಗ್ ಲೇ’ಯ ‘ಕ’ ಅಲ್ಪಪ್ರಾಣ, ‘ಛಾನ್’ನ ‘ಛ’ ಮಹಾಪ್ರಾಣ. ಜ್ಯುತ್‌ಪಿಂಗ್‌ನಲ್ಲಿ ಆ ‘ಕ’ಕ್ಕೆ ಬರೆಯುವ g ಎಂಬ ಇಂಗ್ಲಿಷ್ ಅಕ್ಷರ ನೋಡಿ ‘ಗಿಂಗ್’ ಎನ್ನಬೇಡಿ.

ಉಳಿದದ್ದು ಬಳಕೆ. ‘ಹಾ ಸುಕ್’ ವರದಿಗೆ, ಕಾರ್ಯಮೌಲ್ಯಮಾಪನಕ್ಕೆ ಸರಿ. ನಿಮ್ಮ ತಂಡದವರನ್ನು ಅತಿಥಿಗಳಿಗೆ ಪರಿಚಯಿಸುವಾಗ ಮಾತ್ರ ‘ಥುಂಗ್ ಸೀ’, ಅಂದರೆ ಸಹೋದ್ಯೋಗಿ, ಎನ್ನಿ. ಈ ‘ಸೀ’ ತಗ್ಗಿನದು, ‘ಸೋಂಗ್ ಸೀ’ಯದು ಎತ್ತರದ್ದು. ‘ಸೌ ಹಾ’ ಎಂಬ ಪದವೂ ಕಿವಿಗೆ ಬೀಳುತ್ತದೆ. ಸೌ ಎಂದರೆ ಕೈ, ಹಾ ಎಂದರೆ ಕೆಳಗೆ. ನಮ್ಮ ‘ಕೈಕೆಳಗಿನವರು’ ಪಡಿಯಚ್ಚು. ಅದಕ್ಕೇ ಕನ್ನಡಿಗರಿಗೆ ಅದು ಬೇಗ ಬಾಯಿಗೆ ಹತ್ತುತ್ತದೆ. ಆದರೆ ಅಲ್ಲಿ ಅದಕ್ಕೆ ಗುಂಪಿನ ನಾಯಕನ ಬಂಟರು ಎಂಬ ಛಾಯೆಯೂ ಉಂಟು. ಕಚೇರಿಯಲ್ಲಿ ಅದನ್ನು ಬಳಸಲೇಬೇಡಿ.