ಏಳು ಕೆ.ಜಿ. ಒಳಗೆ ಕ್ಯಾಮೆರಾ ಚೀಲ: ಕಾರವಾರ, ಶಿರಸಿ ಕಡೆಯಿಂದ ವಿದೇಶಕ್ಕೆ ಹೊರಟವರಿಗೆ

ಯಾವ ಲೆನ್ಸ್ ಒಯ್ಯಬೇಕು ಅಂತ ತಲೆ ಕೆಡಿಸಿಕೊಳ್ಳುವ ಮೊದಲು ನಿಮ್ಮ ಹಳೆಯ ಫೋಟೊಗಳನ್ನು ಲೈಟ್‌ರೂಮ್ ಎಂಬ ಫೋಟೊ ತಂತ್ರಾಂಶದಲ್ಲಿ ಫೋಕಲ್ ಲೆಂತ್ (ಎಂ.ಎಂ.ನಲ್ಲಿ ಹೇಳುವ ಲೆನ್ಸಿನ ಅಳತೆ; ಕಡಿಮೆಯಿದ್ದಷ್ಟು ಅಗಲ ನೋಟ, ಹೆಚ್ಚಿದ್ದಷ್ಟು ದೂರದ್ದು ಹತ್ತಿರ) ಪ್ರಕಾರ ಬೇರೆ ಮಾಡಿ ನೋಡಿ. ಪ್ರವಾಸದ ಪಟಗಳಲ್ಲಿ ಹೆಚ್ಚಿನವು ಸಾಮಾನ್ಯವಾಗಿ 24ರಿಂದ 70 ಎಂ.ಎಂ. ನಡುವೆಯೇ ಸಿಗುತ್ತವೆ. ಆಮೇಲೆ ಒಂದು ಭಾನುವಾರ ಪೂರ್ತಿ ಚೀಲ ಹೊತ್ತು ಯಾಣಕ್ಕೋ ಮಿರ್ಜಾನ ಕೋಟೆಗೋ ಹೋಗಿಬನ್ನಿ. ಯಾಣದ ಬಂಡೆಗಳ ಸಂದಿಯಲ್ಲಿ ಬೆಳಕು ಕಡಿಮೆ, ಹಿಂದೆ ಸರಿಯಲು ಜಾಗವೂ ಇಲ್ಲ. ವೈಡ್ ಲೆನ್ಸ್ ನಿಜಕ್ಕೂ ಬೇಕೋ ಬೇಡವೋ ಅಲ್ಲೇ ಗೊತ್ತಾಗುತ್ತದೆ. ದಿನವಿಡೀ ಚೀಲದಿಂದ ಹೊರಬಾರದ್ದು ಮನೆಯಲ್ಲೇ ಉಳಿಯಲಿ.

ತೂಕದ ಅಂದಾಜಿಗೆ ಒಂದು ಸೆಟ್ ನೋಡಿ. ಕ್ಯಾನನ್ ಆರ್8 ಕ್ಯಾಮೆರಾ ಬ್ಯಾಟರಿ, ಕಾರ್ಡ್ ಸೇರಿ 461 ಗ್ರಾಂ, 24-105 ಎಂ.ಎಂ. ಎಫ್4-7.1 ಲೆನ್ಸ್ (ಎಫ್ ಸಂಖ್ಯೆ ಕಡಿಮೆಯಿದ್ದಷ್ಟು ಹೆಚ್ಚು ಬೆಳಕು ಒಳಬರುತ್ತದೆ) 395, 16 ಎಂ.ಎಂ. 165, 50 ಎಂ.ಎಂ. 160. ಒಟ್ಟು 1,181 ಗ್ರಾಂ. ಅದೇ 24-70 ಎಫ್2.8 ಒಂದೇ 900 ಗ್ರಾಂ ತೂಗುತ್ತದೆ. ರಾತ್ರಿಯ ಬೀದಿಗೆ 50ರ ಎಫ್1.8 ಸಾಕು. ಹಕ್ಕಿ, ಪ್ರಾಣಿ ನೋಡಲೆಂದೇ ಹೊರಟವರಿಗೆ ಮಾತ್ರ ದೂರದ್ದನ್ನು ಹತ್ತಿರ ತೋರಿಸುವ ಟೆಲಿ ಲೆನ್ಸಿನ ಹೊರೆ ತಕ್ಕದ್ದು.

ತೂಕ ಹೆಚ್ಚುವುದು ಬಹಳ ಸಲ ಚೀಲದಿಂದಲೇ. ದಪ್ಪ ಪ್ಯಾಡಿನ ಕ್ಯಾಮೆರಾ ಬ್ಯಾಗ್ ಖಾಲಿಯಿದ್ದಾಗಲೇ ಎರಡು ಕೆ.ಜಿ. ದಾಟಬಹುದು. ಎಕಾನಮಿ ಟಿಕೆಟಿನಲ್ಲಿ ಕೈಚೀಲಕ್ಕೆ ಬಹಳಷ್ಟು ಕಡೆ 7 ಕೆ.ಜಿ. ಮಿತಿ, ಚೀಲದ ತೂಕವೂ ಅದರಲ್ಲೇ. ಸಾದಾ ಬೆನ್ನುಚೀಲಕ್ಕೆ ಪ್ಯಾಡ್ ಹಾಕಿದ ಒಳಚೀಲ ಹಾಕಿ. ಟ್ರೈಪಾಡ್, ಅದರ ಸ್ಕ್ರೂ ಬಿಗಿಮಾಡುವ ಅಲೆನ್ ಕೀ ಚೆಕ್-ಇನ್ ಸಾಮಾನಿಗೆ ಹೋಗಲಿ.

ಬ್ಯಾಟರಿಯದ್ದು ಉಲ್ಟಾ. ಬಿಡಿ ಲಿಥಿಯಂ ಬ್ಯಾಟರಿ, ಪವರ್ ಬ್ಯಾಂಕ್ ಚೆಕ್-ಇನ್‌ಗೆ ಹಾಕುವಂತಿಲ್ಲ, ಕೈಚೀಲದಲ್ಲೇ ಇರಬೇಕು. ಮಿತಿ ಒಂದೊಂದಕ್ಕೆ 100 ವ್ಯಾಟ್-ಅವರ್ (ಬ್ಯಾಟರಿ ಹಿಡಿದಿಡುವ ಶಕ್ತಿಯ ಅಳತೆ). ಲೆಕ್ಕ ಸುಲಭ: ಬ್ಯಾಟರಿಯ ಮೇಲೆ ಬರೆದಿರುವ ವೋಲ್ಟ್ ಗುಣಿಸು ಎಂ.ಎ.ಎಚ್. (mAh), ಭಾಗಿಸು 1,000. 20,000 ಎಂ.ಎ.ಎಚ್. ಪವರ್ ಬ್ಯಾಂಕ್ 3.7 ವೋಲ್ಟಿನಲ್ಲಿ 74 ಆಗುತ್ತದೆ, ತೊಂದರೆಯಿಲ್ಲ. ತುದಿಗಳು ನಾಣ್ಯಕ್ಕೋ ಕೀಲಿಗೋ ತಾಗಿದರೆ ಶಾರ್ಟ್ ಆಗುತ್ತದೆ, ಮುಚ್ಚಳ ಹಾಕಿ ಅಥವಾ ಟೇಪ್ ಸುತ್ತಿ. ಎಲ್ಲವನ್ನೂ ಒಂದೇ ಪೌಚಿನಲ್ಲಿ ಚೀಲದ ಮೇಲ್ಗಡೆ ಇಡಿ. ವಿಮಾನ ತುಂಬಿದೆ ಅಂತ ಗೇಟಿನಲ್ಲಿ ಚೀಲ ತೆಗೆದುಕೊಂಡು ಕೆಳಗೆ ಹಾಕುವಾಗ ಆ ಪೌಚ್ ನಿಮ್ಮ ಕೈಗೆ ಬರಬೇಕು.

ಚಾರ್ಜರಿನ ಮೇಲೆ 100-240 ವೋಲ್ಟ್ ಅಂತಿದ್ದರೆ ಪ್ಲಗ್ ಅಡಾಪ್ಟರ್ ಸಾಕು, ವೋಲ್ಟೇಜ್ ಬದಲಿಸುವ ಕನ್ವರ್ಟರ್ ಬೇಡ. ದುಬೈ, ಇಂಗ್ಲೆಂಡಿಗೆ ಮೂರು ಚಪ್ಪಟೆ ಪಿನ್ನಿನದು, ಜಪಾನ್, ಅಮೆರಿಕಕ್ಕೆ ಎರಡು ಚಪ್ಪಟೆ ಪಿನ್ನಿನದು. ಯುರೋಪಿನ ಬಹುತೇಕ ಕಡೆ ನಮ್ಮ ಮೊಬೈಲ್ ಚಾರ್ಜರಿನ ತೆಳು ದುಂಡು ಎರಡು ಪಿನ್ ಹಾಗೇ ಕೂರುತ್ತದೆ.

ಲ್ಯಾಪ್‌ಟಾಪ್ ಬಿಟ್ಟರೆ ಒಂದೂವರೆ ಕೆ.ಜಿ.ವರೆಗೆ ಉಳಿತಾಯ. ಬದಲಿಗೆ ಫೋಟೊ ಉಳಿಸಿಡಲು ಸಣ್ಣ ಎಸ್ಎಸ್‌ಡಿ ಡಿಸ್ಕ್, ಅದನ್ನೂ ಕಾರ್ಡನ್ನೂ ಫೋನಿಗೆ ಜೋಡಿಸಲು ಕಾರ್ಡ್ ರೀಡರ್ ಇರುವ ಟೈಪ್-ಸಿ ಹಬ್. ಎಕ್ಸ್‌ಫ್ಯಾಟ್ (exFAT) ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿದ ಡಿಸ್ಕನ್ನು ಕೆಲವು ಆಂಡ್ರಾಯ್ಡ್ ಫೋನ್‌ಗಳು ಓದುವುದಿಲ್ಲ, ಮನೆಯಲ್ಲೇ ನೋಡಿಕೊಳ್ಳಿ. ಆರ್8ಗೆ ಕಾರ್ಡ್ ಸ್ಲಾಟ್ ಒಂದೇ, ಹಾಗಾಗಿ ಪ್ರತಿ ರಾತ್ರಿ ಫೋಟೊಗಳನ್ನು ಎಸ್ಎಸ್‌ಡಿಗೆ ಕಾಪಿ ಮಾಡುವುದನ್ನು ತಪ್ಪಿಸಬೇಡಿ. ಕಾಪಿಯಾದ ಮೇಲೆ ನಾಲ್ಕಾರು ಫೈಲ್ ತೆರೆದು ನೋಡಿ. ಊರು ಸೇರುವ ತನಕ ಕಾರ್ಡ್ ಫಾರ್ಮ್ಯಾಟ್ ಮಾಡುವುದು ಬೇಡ.

ಡ್ರೋನ್ ಮನೆಯಲ್ಲಿರಲಿ. ಮೊರಾಕ್ಕೊ, ಈಜಿಪ್ಟ್‌ನಲ್ಲಿ ಕಸ್ಟಮ್ಸ್‌ನಲ್ಲೇ ಹಿಡಿದಿಡುತ್ತಾರೆ. ನಮ್ಮ ಸೀಬರ್ಡ್ ನೌಕಾನೆಲೆ ಕಡೆ ಕ್ಯಾಮೆರಾ ತಿರುಗಿಸಬಾರದು ಅಂತ ಕಾರವಾರದವರಿಗೆ ಹೇಳಬೇಕಾಗಿಲ್ಲ, ಹೊರದೇಶದ ಬಂದರು, ಸೇನಾ ಜಾಗಗಳ ಹತ್ತಿರವೂ ಅದೇ ಎಚ್ಚರ.

ಗೋವಾದಿಂದ ಹಾರುವವರು ಟಿಕೆಟಿನ ಅಕ್ಷರ ಓದಿ. ಜಿಒಐ ಅಂದರೆ ದಾಬೋಲಿಂ, ಜಿಒಎಕ್ಸ್ ಅಂದರೆ ಉತ್ತರ ತುದಿಯ ಮೋಪಾ. ದುಬಾರಿ ಕ್ಯಾಮೆರಾ ಇದ್ದರೆ ಹೊರಡುವಾಗಲೇ ಕಸ್ಟಮ್ಸ್‌ನಲ್ಲಿ ತೋರಿಸಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಪಡೆಯಿರಿ. ಸೀರಿಯಲ್ ನಂಬರ್‌ಗಳ ಪಟ್ಟಿ, ಬಿಲ್ಲಿನ ಪ್ರತಿ ಜೊತೆಗಿರಲಿ. ವಾಪಸು ಬರುವಾಗ ಹೊಸದಾಗಿ ಕೊಂಡದ್ದಲ್ಲ ಎನ್ನಲು ಅದೇ ದಾಖಲೆ.

ಚಳಿಯ ದೇಶದಿಂದ ಕರಾವಳಿಯ ಸೆಕೆಗೆ ಬರುವ ಮೊದಲು ಕ್ಯಾಮೆರಾವನ್ನು ಜಿಪ್ ಕವರಿನಲ್ಲಿ ಹಾಕಿ ಬಿಗಿಯಾಗಿ ಮುಚ್ಚಿ. ನೀರಿನ ಹನಿ ಕವರಿನ ಹೊರಗೆ ಕೂರುತ್ತದೆ, ಲೆನ್ಸಿನ ಮೇಲಲ್ಲ. ಎರಡು ತಾಸು ಬಿಟ್ಟು ತೆಗೆಯಿರಿ. ಮಳೆಗಾಲವಾದರೆ ಚೀಲದೊಳಗೇ ಬಿಡಬೇಡಿ, ಫಂಗಸ್ ಹಿಡಿಯುತ್ತದೆ. ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಗೆ ಹಾಕಿ.